ಚಾಮುಂಡಿ ಬೆಟ್ಟ ಹತ್ತೋರು ರಿಂಜಾನಿ ಹತ್ತಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯದಲ್ಲಿ ಹೈಸ್ಕೂಲ್ ಟೀಚರ್, ವಯಸ್ಸು 47. ನಮ್ಮಣ್ಣನ ಮಗ ಫ್ರೆಂಡ್ಸ್ ಜೊತೆ ಇಂಡೋನೇಷ್ಯಾಗೆ ಹೊರಟಿದಾನೆ, ಬಾಲಿ ಪಕ್ಕದ ಲಾಂಬೊಕ್ ದ್ವೀಪದಲ್ಲಿ ರಿಂಜಾನಿ ಅನ್ನೋ ಜ್ವಾಲಾಮುಖಿ ಬೆಟ್ಟ ಹತ್ತತಾರಂತೆ, "ಅತ್ತೆ ನೀವೂ ಬನ್ನಿ" ಅಂತ ಹಠ ಹಿಡಿದಿದಾನೆ. ನಾನು ತಿಂಗಳಿಗೆ ಎರಡು ಸಲ ಮೈಸೂರಿಗೆ ಬಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೀನಿ, ಸುಸ್ತಾಗಲ್ಲ, ಆದ್ರೆ ಇಳಿವಾಗ ಎಡಗಡೆ ಮಂಡಿ ಸ್ವಲ್ಪ ಹಿಡಿಯುತ್ತೆ. ನನ್ನ ಕೈಲಿ ಆಗುತ್ತಾ? ಹತ್ತುವಾಗ ಅದು ಸಿಡಿದ್ರೆ ಏನ್ ಗತಿ? ನಾವು ಮೊಟ್ಟೆನೂ ತಿನ್ನಲ್ಲ, ಅಲ್ಲಿ ಊಟಕ್ಕೇನು ಮಾಡೋದು? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಮಸ್ಕಾರ ಮೇಡಂ. ಮೊದಲು ನೇರವಾಗಿ ಉತ್ತರ ಹೇಳ್ಬಿಡ್ತೀನಿ, ಆಮೇಲೆ ವಿವರಕ್ಕೆ ಬರ್ತೀನಿ. ರಿಂಜಾನಿಯ ಬಾಯಿ ಅಂಚಿನ ತನಕ, ಅಂದ್ರೆ ಕ್ರೇಟರ್ ರಿಮ್ ಅಂತಾರಲ್ಲ ಅಲ್ಲಿ ತನಕ ನೀವು ಹೋಗಬಹುದು, ಮೂರು ತಿಂಗಳು ಸರಿಯಾಗಿ ತಯಾರಿ ಮಾಡ್ಕೊಂಡ್ರೆ ಆರಾಮಾಗೇ ಹೋಗಬಹುದು. ತುದಿ ಶಿಖರದ ಮಾತು ಬೇರೆ, ಆ ಮಂಡಿ ಇಟ್ಕೊಂಡು ಈ ವರ್ಷ ಶಿಖರ ಬೇಡ ಅಂತಲೇ ನನ್ನ ಅಭಿಪ್ರಾಯ. ಇದನ್ನ ನಿಮಗೆ ಧೈರ್ಯಗೆಡಿಸಕ್ಕೆ ಹೇಳ್ತಿಲ್ಲ. ನಾನು ಮಾನಸಗಂಗೋತ್ರಿಲಿ ಭೂವಿಜ್ಞಾನ ಓದಿದೋನು, ಆಮೇಲೆ ಟ್ರೆಕ್ಕಿಂಗಿಗೆ ಜನ ಕರ್ಕೊಂಡು ಹೋಗೋದೇ ಕೆಲಸ ಆಯ್ತು, ರಿಂಜಾನಿಗೆ ಎರಡು ಸಲ ಹೋಗಿದೀನಿ, ಒಂದ್ಸಲ ಶಿಖರ ಮುಟ್ಟಿದೆ, ಒಂದ್ಸಲ ಅರ್ಧಕ್ಕೇ ವಾಪಸ್ ಬಂದೆ. ಎರಡೂ ಸಲ ಮನಸಲ್ಲಿ ಉಳಿದಿದ್ದು ಆ ಅಂಚಿಂದ ಕಂಡ ನೋಟನೇ. ಬೆಟ್ಟದ ನಿಜವಾದ ವಿಷಯ ಎಲ್ಲಾ ಇರೋದು ಅಂಚಲ್ಲಿ, ತುದೀಲಿ ಅಲ್ಲ. ಅದು ಯಾಕೆ ಅಂತ ಕೆಳಗೆ ಗೊತ್ತಾಗುತ್ತೆ.

ನಿಮಗೆ ಗೊತ್ತಿರೋ ಅಳತೇಲೇ ಹೇಳ್ತೀನಿ. ಚಾಮುಂಡಿ ಬೆಟ್ಟ ಸಮುದ್ರ ಮಟ್ಟದಿಂದ ಸಾವಿರದ ಅರವತ್ತು ಮೀಟರ್ ಚಿಲ್ಲರೆ, ಆದ್ರೆ ಮೈಸೂರೇ ಏಳುನೂರ ಅರವತ್ತು ಎಪ್ಪತ್ತು ಮೀಟರ್ ಎತ್ತರದಲ್ಲಿ ಕೂತಿರೋದ್ರಿಂದ ನಾವು ಸಾವಿರ ಮೆಟ್ಟಿಲಲ್ಲಿ ಹತ್ತೋದು ಹೆಚ್ಚುಕಮ್ಮಿ 300 ಮೀಟರ್ ಅಷ್ಟೇ. ಇದನ್ನ ಒಂದು ಚಾಮುಂಡಿ ಅಂತ ಇಟ್ಕೊಳ್ಳಿ. ರಿಂಜಾನಿ 3,726 ಮೀಟರ್. ನೀವು ನಡೆಯಕ್ಕೆ ಶುರು ಮಾಡೋ ಸೆಂಬಾಲುನ್ ಹಳ್ಳಿ ಸುಮಾರು 1,150 ಮೀಟರ್‌ನಲ್ಲಿದೆ, ಮೊದಲ ರಾತ್ರಿ ಟೆಂಟ್ ಹಾಕೋ ಅಂಚು 2,639 ಮೀಟರ್. ಅಂದ್ರೆ ಮೊದಲನೇ ದಿನಾನೇ ಐದು ಚಾಮುಂಡಿ, ಒಂದರ ಮೇಲೊಂದು. ಶಿಖರಕ್ಕೆ ಹೋಗೋರು ಅವತ್ತು ರಾತ್ರಿ ಒಂದೂವರೆ ಎರಡು ಗಂಟೆಗೆ ಎದ್ದು ಕತ್ತಲಲ್ಲಿ ಇನ್ನೂ ಮೂರೂವರೆ ಚಾಮುಂಡಿ ಹತ್ತಬೇಕು. ಅಷ್ಟಾದ ಮೇಲೆ ಅದೇ ದಿನ ಬೆಟ್ಟದ ಬಾಯೊಳಗಿರೋ ಕೆರೆ ತನಕ ಇಳಿಯೋ ಪ್ಲಾನ್ ಇದ್ರೆ 1,700 ಮೀಟರ್ ಇಳೀಬೇಕು, ಅದು ಹತ್ತತ್ರ ಆರು ಚಾಮುಂಡಿ ಇಳಿದಂಗೆ. ನಿಮ್ಮ ಮಂಡಿ ಮಾತಾಡೋದು ಅಲ್ಲಿ. ಹತ್ತೋದು ಉಸಿರಿನ ಕೆಲಸ, ಇಳಿಯೋದು ಮಂಡಿ ಕೆಲಸ, ನಮ್ಮಲ್ಲಿ ಎಲ್ರೂ ಹತ್ತೋದನ್ನ ಅಭ್ಯಾಸ ಮಾಡಿ ಇಳಿವಾಗ ಬಸ್ ಹತ್ಕೊಂಡು ಬಂದ್ಬಿಡ್ತಾರೆ.

ಇನ್ನೊಂದು ವ್ಯತ್ಯಾಸ ಇದೆ, ಅದು ಕಾಲ ಕೆಳಗಿನ ಕಲ್ಲಿನದು. ಚಾಮುಂಡಿ ಬೆಟ್ಟನೂ ಒಂದು ಕಾಲದಲ್ಲಿ ಕರಗಿದ ಕಲ್ಲೇ, ಆದ್ರೆ ಅದು ಭೂಮಿ ಒಳಗೇ ನಿಧಾನಕ್ಕೆ ತಣ್ಣಗಾಗಿ ಗಟ್ಟಿಯಾದ ಗ್ರಾನೈಟ್, ಸುಮಾರು 80 ಕೋಟಿ ವರ್ಷ ಹಳೇದು, ಮೇಲಿದ್ದ ಮಣ್ಣು ಕಲ್ಲೆಲ್ಲ ಮಳೆ ಗಾಳಿಗೆ ಸವೆದು ಹೋಗಿ ಈಗ ಹೊರಗೆ ಕಾಣ್ತಿದೆ. ಕೆಲವರು ಚಾಮುಂಡಿ ಬೆಟ್ಟ ಆರಿಹೋದ ಜ್ವಾಲಾಮುಖಿ ಅಂತ ಹೇಳ್ತಾರೆ, ಅದು ತಪ್ಪು, ಹೊರಗೆ ಬಂದು ಸಿಡಿದಿದ್ದೇ ಬೇರೆ ಒಳಗೇ ಕೂತು ಗಟ್ಟಿಯಾಗಿದ್ದೇ ಬೇರೆ. ನಿಧಾನಕ್ಕೆ ತಣ್ಣಗಾದ್ರಿಂದ ಅದರ ಹರಳುಗಳು ದಪ್ಪ, ಒಂದಕ್ಕೊಂದು ಹಲ್ಲು ಕಚ್ಚಿಕೊಂಡಿರ್ತವೆ, ಹಂಗಾಗೇ ಶತಮಾನಗಳ ಕಾಲ ಜನ ತುಳಿದ್ರೂ ಮೆಟ್ಟಿಲು ಬರೀ ನುಣ್ಣಗಾಗಿದೆ, ಪುಡಿಯಾಗಿಲ್ಲ. ರಿಂಜಾನಿ ತುದಿ ಹಂಗಲ್ಲ. ಅದು ಸಿಡಿದಾಗ ಮೇಲೆ ಹಾರಿ ಬಿದ್ದ ಬೂದಿ, ಕಿಟ್ಟದಂಥ ಕಲ್ಲು, ಪುಡಿ, ಎಲ್ಲಾ ರಾಶಿ ಬಿದ್ದಿರೋದು, ಯಾವುದೂ ಅಂಟಿಕೊಂಡಿಲ್ಲ. ಮನೆ ಕಟ್ಟೋ ಜಾಗದಲ್ಲಿ ಲಾರಿ ತಂದು ಸುರಿದ ಜಲ್ಲಿ ರಾಶಿ ಮೇಲೆ ಹತ್ತಕ್ಕೆ ನೋಡಿದೀರಲ್ಲ, ಕಾಲಿಟ್ರೆ ಜಾರ್ಕೊಂಡು ಕೆಳಗೆ ಬರುತ್ತೆ, ಕೊನೇ ಒಂದೂವರೆ ಎರಡು ಗಂಟೆ ಪೂರ್ತಿ ಅದೇ. ಎರಡು ಹೆಜ್ಜೆ ಮೇಲೆ ಇಟ್ರೆ ಒಂದು ಹೆಜ್ಜೆ ಕೆಳಗೆ, ಎಡಕ್ಕೂ ಬಲಕ್ಕೂ ಇಳಿಜಾರು, ಮುಖಕ್ಕೆ ಹೊಡೆಯೋ ಗಾಳಿ, ಅದರ ಜೊತೆ ಬೂದಿ. ಚಾಮುಂಡಿ ಮೆಟ್ಟಿಲು ಎಷ್ಟು ಹತ್ತಿದ್ರೂ ಇದಕ್ಕೆ ಅಭ್ಯಾಸ ಆಗಲ್ಲ. ಅದಕ್ಕೆ ನಾನು ನನ್ನ ಗುಂಪಿನೋರನ್ನ ತಲಕಾಡಿಗೆ ಕರ್ಕೊಂಡು ಹೋಗ್ತೀನಿ, ಬೆಳಗ್ಗೆ ಬೆಳಗ್ಗೆನೇ, ಮರಳು ಕಾಯೋಕ್ಕೆ ಮುಂಚೆ, ಅಲ್ಲಿನ ಮರಳು ದಿಬ್ಬ ಶೂ ಹಾಕ್ಕೊಂಡು ಹತ್ತಿ ಇಳಿದ್ರೆ ಕಾಲಿಗೆ ಒಂದು ಬುದ್ಧಿ ಬರುತ್ತೆ, ಹೆಜ್ಜೆ ಚಿಕ್ಕದು ಮಾಡಬೇಕು, ಮುಂಗಾಲು ಒದ್ದು ಊರಬೇಕು, ಜಾರಿದ್ರೆ ಗಾಬರಿಯಾಗದೆ ಜಾರಕ್ಕೆ ಬಿಡಬೇಕು ಅಂತ ಅದಕ್ಕೇ ಗೊತ್ತಾಗುತ್ತೆ.

ಈಗ ನೀವು ಕೇಳಿದ ದೊಡ್ಡ ಪ್ರಶ್ನೆ, ಸಿಡಿದ್ರೆ ಏನ್ ಗತಿ ಅಂತ. ಇದನ್ನ ಹಗುರವಾಗಿ ತಗೊಳ್ಳೋ ಹಂಗಿಲ್ಲ, ಯಾಕಂದ್ರೆ ಈ ಬೆಟ್ಟ ಒಂದ್ಸಲ ಇಡೀ ಪ್ರಪಂಚಕ್ಕೇ ತಟ್ಟೋ ಹಂಗೆ ಸಿಡಿದಿದೆ. ಇವತ್ತಿನ ರಿಂಜಾನಿ ಪಕ್ಕದಲ್ಲೇ ಹಿಂದೆ ಸಮಾಲಾಸ್ ಅಂತ ಇನ್ನೊಂದು ಶಿಖರ ಇತ್ತು, ಲೆಕ್ಕದ ಪ್ರಕಾರ 4,200 ಮೀಟರ್ ಹತ್ತತ್ರ, ಅಂದ್ರೆ ರಿಂಜಾನಿಗಿಂತ ಎತ್ತರ. 1257ರಲ್ಲಿ ಅದು ಸಿಡೀತು. ಬೂದಿ ನಲವತ್ತು ಕಿಲೋಮೀಟರ್‌ಗಿಂತ ಮೇಲೆ ಹೋಯ್ತು, ಒಳಗಿನ ಕರಗಿದ ಕಲ್ಲೆಲ್ಲಾ ಖಾಲಿಯಾಗಿ ಶಿಖರಕ್ಕೆ ಕೆಳಗೆ ಆಸರೆನೇ ಇಲ್ಲದಂಗಾಗಿ ಇಡೀ ಬೆಟ್ಟ ಒಳಕ್ಕೆ ಕುಸೀತು, ಉಳಿದಿದ್ದು ಆರು ಕಿಲೋಮೀಟರ್ ಅಗಲ ಎಂಟೂವರೆ ಕಿಲೋಮೀಟರ್ ಉದ್ದದ ಒಂದು ಬಾಣಲೆ. ನೀವು ಟೆಂಟ್ ಹಾಕೋ ಜಾಗ ಆ ಬಾಣಲೆಯ ಅಂಚು. ಒಳಗೆ ನೀರು ತುಂಬಿ ಕೆರೆಯಾಗಿದೆ, ಸೆಗಾರಾ ಅನಾಕ್ ಅಂತಾರೆ, ಸಮುದ್ರದ ಮಗು ಅಂತ ಅರ್ಥ, ಅಷ್ಟು ನೀಲಿ ಅದು.

ಇದರ ಕಥೆ ಸಿಕ್ಕಿದ್ದೂ ಒಂದು ಸೊಗಸಾದ ವಿಷಯ, ಟೀಚರ್ ಆಗಿರೋದ್ರಿಂದ ನಿಮಗೆ ಇಷ್ಟ ಆಗುತ್ತೆ. ಗ್ರೀನ್‌ಲ್ಯಾಂಡ್ ಮತ್ತೆ ಅಂಟಾರ್ಕ್ಟಿಕಾದ ಹಿಮದಲ್ಲಿ ಉದ್ದಕ್ಕೆ ಕೊರೆದು ತೆಗೆದ ಮಂಜುಗಡ್ಡೆ ಕಂಬಗಳಲ್ಲಿ 1258ರ ಆಸುಪಾಸಿನ ಪದರದಲ್ಲಿ ಗಂಧಕದ ಅಂಶ ವಿಪರೀತ ಇತ್ತು, ಎರಡು ಧ್ರುವದಲ್ಲೂ ಇದೆ ಅಂದ್ರೆ ಭೂಮಧ್ಯರೇಖೆ ಹತ್ರ ಎಲ್ಲೋ ಭಾರೀ ಜ್ವಾಲಾಮುಖಿ ಸಿಡಿದಿರಬೇಕು ಅಂತ ಗೊತ್ತಿತ್ತು, ಯಾವುದು ಅಂತ ಮಾತ್ರ ಮೂವತ್ತು ವರ್ಷ ಗೊತ್ತಾಗ್ಲಿಲ್ಲ. 2013ರಲ್ಲಿ ಫ್ರಾನ್ಸಿನ ಫ್ರಾಂಕ್ ಲವೀನ್ಯ್ ಮತ್ತೆ ಅವರ ಜೊತೆಗಾರರು ಲಾಂಬೊಕ್‌ನ ಬೂದಿ ಪದರ, ಅದರಲ್ಲಿ ಸುಟ್ಟು ಇದ್ದಿಲಾದ ಮರಗಳ ವಯಸ್ಸು ಎಲ್ಲಾ ನೋಡಿ ಇದು ಸಮಾಲಾಸ್ ಅಂತ ತೋರಿಸಿದ್ರು. ಅವರಿಗೆ ಸಹಾಯಕ್ಕೆ ಬಂದಿದ್ದು ಏನು ಗೊತ್ತಾ, ತಾಳೆಗರಿ! ಬಾಬಾದ್ ಲಾಂಬೊಕ್ ಅಂತ ಹಳೇ ಜಾವಾ ಭಾಷೇಲಿ ತಾಳೆಗರಿ ಮೇಲೆ ಬರೆದಿಟ್ಟ ವೃತ್ತಾಂತದಲ್ಲಿ ಸಮಾಲಾಸ್ ಕುಸಿದಿದ್ದು, ಪಾಮಾತನ್ ಅನ್ನೋ ಪಟ್ಟಣ ಪೂರ್ತಿ ಮುಚ್ಚಿಹೋಗಿದ್ದು, ಜನ ಓಡಿಹೋಗಿದ್ದು ಎಲ್ಲಾ ಇತ್ತು. ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಲಿ ಶಾಮಾಶಾಸ್ತ್ರಿಗಳಿಗೆ ಅರ್ಥಶಾಸ್ತ್ರ ಸಿಕ್ಕಿದ್ದೂ ತಾಳೆಗರೀಲೇ ಅಲ್ವಾ, ಯಾರೋ ಕೂತು ಗರಿ ಮೇಲೆ ಕಂಟದಲ್ಲಿ ಗೀಚಿಟ್ಟಿದ್ದು ಎಷ್ಟೋ ಕಾಲ ಆದ್ಮೇಲೆ ಮಂಜುಗಡ್ಡೆ ಲೆಕ್ಕಕ್ಕೆ ಸಾಕ್ಷಿ ಹೇಳುತ್ತೆ ಅಂದ್ರೆ ನಂಗೆ ಈಗಲೂ ಮೈ ಜುಮ್ಮನ್ನುತ್ತೆ. ಇನ್ನೊಂದು, ನಮ್ಮ ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಪ್ರತಿಷ್ಠೆ ಆಗಿದ್ದು 1258ರಲ್ಲಿ, ಹೊಯ್ಸಳರ ಮೂರನೇ ನರಸಿಂಹನ ಕಾಲ. ಲಾಂಬೊಕ್‌ನಲ್ಲಿ ಬೆಟ್ಟ ಕುಸಿದ ಮಾರನೇ ವರ್ಷ. ಸೋಮನಾಥಪುರಕ್ಕೆ ಮಕ್ಕಳನ್ನ ಕರ್ಕೊಂಡು ಹೋದಾಗ ಈ ವಿಷಯ ಹೇಳಿ ನೋಡಿ, ಇಸವಿ ಅನ್ನೋದು ಬರೀ ಬಾಯಿಪಾಠಕ್ಕಲ್ಲ ಅಂತ ಅವರಿಗೆ ಆಗ ಗೊತ್ತಾಗುತ್ತೆ.

ಹಂಗಾದ್ರೆ ಈಗ? ಆ ಬಾಣಲೆ ಒಳಗೇ, ಕೆರೆ ಪಕ್ಕದಲ್ಲಿ ಬಾರುಜಾರಿ ಅಂತ ಒಂದು ಮರಿ ಜ್ವಾಲಾಮುಖಿ ಎದ್ದಿದೆ, 2,376 ಮೀಟರ್, ಅದು ಇನ್ನೂ ಜೀವಂತ. 2009ರಲ್ಲಿ ಸಿಡೀತು, 2015ರಲ್ಲಿ ಅದರ ಬೂದಿಯಿಂದ ಬಾಲಿ ಏರ್‌ಪೋರ್ಟ್ ಮುಚ್ಚಬೇಕಾಯ್ತು, 2016ರ ಸೆಪ್ಟೆಂಬರ್‌ನಲ್ಲಿ ಮತ್ತೆ ಎದ್ದಾಗ ಬೆಟ್ಟದ ಮೇಲಿದ್ದ ಪ್ರವಾಸಿಗಳನ್ನ ಕೆಳಗಿಳಿಸಿದ್ರು. ಯಾಕೆ ಅಲ್ಲೇ ಹಿಂಗೆ ಅಂದ್ರೆ, ಇಂಡೋನೇಷ್ಯಾದ ದಕ್ಷಿಣಕ್ಕೆ ಸಮುದ್ರದ ತಳದ ಭೂಫಲಕ, ಅಂದ್ರೆ ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು, ಉತ್ತರಕ್ಕೆ ಸರಿದು ದ್ವೀಪಗಳ ಅಡಿಗೆ ನುಗ್ತಿದೆ, ಅದು ತನ್ನ ಜೊತೆ ನೀರನ್ನೂ ಒಳಗೆ ತಗೊಂಡು ಹೋಗುತ್ತೆ, ನೀರು ಸೇರಿದ್ರೆ ಬಿಸಿ ಕಲ್ಲು ಇನ್ನೂ ಬೇಗ ಕರಗುತ್ತೆ, ಕರಗಿದ್ದು ಹಗುರ ಆಗಿ ಮೇಲೆ ಬರುತ್ತೆ. ಆ ಕರಗಿದ ಕಲ್ಲು ಜೋನಿಬೆಲ್ಲದ ಪಾಕ ಗಟ್ಟಿ ಆಗೋ ಹೊತ್ತಿನ ಥರ ಮಂದ, ಒಳಗೆ ಗ್ಯಾಸ್ ತುಂಬಿರುತ್ತೆ, ನೀವು ಮಂಡ್ಯದೋರು ಆಲೆಮನೇಲಿ ನೋಡಿರ್ತೀರ, ಪಾಕ ತೆಳ್ಳಗಿದ್ದಾಗ ಗುಳ್ಳೆ ಸುಮ್ನೆ ಒಡೆದು ಹೋಗುತ್ತೆ, ಮಂದ ಆದ್ಮೇಲೆ ಕೊಪ್ಪರಿಗೆಲಿ ಗುಳ್ಳೆ ಒಡೆದ್ರೆ ಪಟ್ ಅಂತ ಸಿಡಿದು ಕೈಗೆ ಬೀಳುತ್ತೆ. ಹವಾಯಿ ದ್ವೀಪದ ಲಾವಾ ತೆಳ್ಳನೆ ಪಾಕ, ಹರಿಯುತ್ತೆ. ಲಾಂಬೊಕ್, ಬಾಲಿ, ಜಾವಾ ಕಡೇದು ಮಂದ ಪಾಕ, ಸಿಡಿಯುತ್ತೆ.

ಆ ಗ್ಯಾಸ್ ಗುಳ್ಳೆ ಹಂಗೇ ಗಟ್ಟಿಯಾದ ಕಲ್ಲು ನಮ್ಮ ಮನೇಲಿ ಒಂದಿದೆ. ಪೂರ್ವ ಲಾಂಬೊಕ್‌ನಲ್ಲಿ 1257ರ ಆ ಪದರವನ್ನೇ ಅಗೆದು ಪ್ಯೂಮಿಸ್ ಕಲ್ಲು ಮಾರ್ತಾರೆ, ನಾವು ಹಿಮ್ಮಡಿ ಉಜ್ಜಕ್ಕೆ ತಗೋತೀವಲ್ಲ ಅದೇ ಜಾತಿ ಕಲ್ಲು, ಅಲ್ಲಿ ಕೆಲಸ ಮಾಡ್ತಿದ್ದೋರೊಬ್ರು ನಂಗೆ ಮುಷ್ಟಿಯಷ್ಟು ದೊಡ್ಡದು ಒಂದು ಕೊಟ್ರು. ಬಕೆಟ್ ನೀರಿಗೆ ಹಾಕಿದ್ರೆ ತೇಲುತ್ತೆ. ತೂತು ತೂತು, ದೋಸೆ ಮೇಲಿನ ಕಣ್ಣಿನ ಥರ, ಕೈಲಿ ಹಿಡಿದ್ರೆ ಹೂವಿನಷ್ಟು ಹಗುರ. ಪಕ್ಕದಲ್ಲೇ ಚಾಮುಂಡಿ ಬೆಟ್ಟದ ತಪ್ಪಲಿಂದ ತಂದ ಅಷ್ಟೇ ದಪ್ಪದ ಗ್ರಾನೈಟ್ ತುಂಡು ಇಟ್ಟಿದೀನಿ, ಟ್ರೆಕ್ಕಿಗೆ ಹೆಸರು ಕೊಡಕ್ಕೆ ಬಂದೋರಿಗೆ ಎರಡೂ ಕೈಗೆ ಕೊಡ್ತೀನಿ, ಬೇರೇನೂ ವಿವರಿಸಬೇಕಾಗಲ್ಲ.

ಅಪಾಯದ ಲೆಕ್ಕಕ್ಕೆ ಬರೋಣ. ಇಂಡೋನೇಷ್ಯಾ ಸರ್ಕಾರದ ಜ್ವಾಲಾಮುಖಿ ಇಲಾಖೆ ಪ್ರತಿ ಬೆಟ್ಟಕ್ಕೂ ನಾಲ್ಕು ಹಂತದ ಎಚ್ಚರಿಕೆ ಕೊಡುತ್ತೆ, ನಾರ್ಮಲ್, ವಸ್ಪಾದ, ಸಿಯಾಗ, ಅವಾಸ್ ಅಂತ, ಮ್ಯಾಗ್ಮಾ ಇಂಡೋನೇಷ್ಯಾ ಅನ್ನೋ ಅವರದೇ ಆಪ್‌ನಲ್ಲಿ ಯಾರು ಬೇಕಾದ್ರೂ ನೋಡಬಹುದು. ನಿಮ್ಮ ಅಣ್ಣನ ಮಗನ ಫೋನಿಗೆ ಇವತ್ತೇ ಹಾಕಿಸಿ, ಹೊರಡೋ ತನಕ ವಾರಕ್ಕೊಂದ್ಸಲ ನೋಡ್ತಾ ಇರಿ. ಸಿಡಿಯೋಕ್ಕೆ ಮುಂಚೆ ಸಾಮಾನ್ಯವಾಗಿ ಸಣ್ಣ ನಡುಕ, ಗ್ಯಾಸು ಇಂಥ ಸೂಚನೆ ಇರುತ್ತೆ, ಹಂಗಿದ್ರೆ ಅವರೇ ದಾರಿ ಮುಚ್ತಾರೆ. ನನ್ನ ಪ್ರಕಾರ ರಿಂಜಾನಿಲಿ ಜನಕ್ಕೆ ಹೆಚ್ಚು ತೊಂದರೆ ಕೊಟ್ಟಿರೋದು ಬೆಂಕಿ ಅಲ್ಲ, ಭೂಕಂಪ ಮತ್ತೆ ಕಾಲು ಜಾರೋದು. 2018ರ ಜುಲೈ 29ಕ್ಕೆ 6.4ರಷ್ಟು ಭೂಕಂಪ ಆಗಿ ದಾರಿ ಎಲ್ಲಾ ಕುಸಿದು ಐನೂರಕ್ಕೂ ಹೆಚ್ಚು ಜನ ಮೇಲೇ ಸಿಕ್ಕಾಕ್ಕೊಂಡಿದ್ರು, ಒಂದು ವಾರಕ್ಕೆ ಅದಕ್ಕಿಂತ ದೊಡ್ಡದು ಇನ್ನೊಂದು ಬಂದು ದ್ವೀಪದ ಉತ್ತರದ ಹಳ್ಳಿಗಳೇ ನೆಲಕ್ಕೆ ಬಿದ್ವು. 2025ರ ಜೂನ್‌ನಲ್ಲಿ ಬ್ರೆಜಿಲ್‌ನಿಂದ ಬಂದಿದ್ದ ಒಬ್ಬ ಯುವತಿ ಶಿಖರದ ದಾರೀಲಿ ಬಿದ್ದು, ಮಂಜು ಮತ್ತೆ ಆ ಸಡಿಲ ಇಳಿಜಾರಿಂದ ರಕ್ಷಣೆಯೋರು ಹತ್ರ ಹೋಗಕ್ಕೇ ದಿನಗಟ್ಟಲೆ ಆಗಿ, ಆಕೆ ಉಳೀಲಿಲ್ಲ. ಆ ಸುದ್ದಿ ಓದಿದಾಗಿಂದ ನಾನು ಯಾರಿಗೇ ಹೇಳಲಿ ಒಂದು ಮಾತು ತಪ್ಪಿಸಲ್ಲ, ಗೈಡ್ ಕಣ್ಣಿಗೆ ಕಾಣೋ ಹಂಗೆ ಇರಬೇಕು, ಸುಸ್ತಾಯ್ತು ಅಂದ್ರೆ ಇಡೀ ಗುಂಪು ನಿಲ್ಲಬೇಕು, ಒಬ್ಬರನ್ನ ಹಿಂದೆ ಬಿಟ್ಟು ಉಳಿದೋರು ಮುಂದೆ ಹೋಗೋದು ಆಗಕೂಡದು. ನಿಮ್ಮ ಹುಡುಗರು ಇಪ್ಪತ್ತರ ಆಸುಪಾಸಿನೋರು ಇರ್ತಾರೆ, ಓಡ್ತಾರೆ, ಈ ಮಾತನ್ನ ಇಲ್ಲೇ ಮನೇಲೇ ಕೂರಿಸ್ಕೊಂಡು ಒಪ್ಪಿಸಿ ಮೇಡಂ, ಅತ್ತೆ ಮಾತು ಕೇಳ್ತಾರೆ. ಬೆಟ್ಟ ಹತ್ತೋದಕ್ಕೂ ಅನ್ವಯಿಸೋ ಇನ್ಶೂರೆನ್ಸ್ ಮಾಡಿಸಿ, ಮಾಮೂಲಿ ಪ್ರವಾಸದ ಪಾಲಿಸಿಲಿ ಎಷ್ಟೋ ಸಲ ಎತ್ತರದ ಟ್ರೆಕ್ಕಿಂಗ್ ಸೇರಿರಲ್ಲ, ಎಷ್ಟು ಮೀಟರ್ ತನಕ ಅಂತ ಕೇಳಿ ಬರೆಸ್ಕೊಳ್ಳಿ.

ನಾನು ಅರ್ಧಕ್ಕೆ ವಾಪಸ್ ಬಂದಿದ್ದು ಹೇಳ್ತೀನಿ. ಮೊದಲನೇ ಸಲ ಸಂಜೆ ಟೆಂಟ್ ಹತ್ರ ಬಂದಾಗಲೇ ತಲೆ ಸಣ್ಣಗೆ ಹಿಡ್ಕೊಂಡಿತ್ತು, ಬಿಸಿಲಿಗೆ ಅಂದ್ಕೊಂಡೆ. ರಾತ್ರಿ ಎರಡಕ್ಕೆ ಹೊರಟ್ವಿ, ಆ ಸಲ ಬುಕ್ ಮಾಡಿದ್ದ ಏಜೆನ್ಸಿಯೋರು ಕೊಟ್ಟ ಹೆಡ್‌ಲ್ಯಾಂಪ್ ಅರ್ಧ ಗಂಟೆಗೆ ಮಂಕಾಗೋಯ್ತು, ಜೊತೆಯೋರ ಬೆಳಕಲ್ಲೇ ನಡೀತಿದ್ದೆ. 3,500 ಮೀಟರ್ ದಾಟಿದ ಮೇಲೆ ತಲೆನೋವು ಸುತ್ತಿಗೇಲಿ ಹೊಡೆದಂಗೆ ಶುರುವಾಯ್ತು, ವಾಂತಿ ಆಯ್ತು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟೇ, ಒಂದೊಂದು ಉಸಿರಿಗೂ ಸಿಗೋ ಆಮ್ಲಜನಕ ಅಷ್ಟು ಕಮ್ಮಿ, ಹಿಂದಿನ ದಿನ ತನಕ ಸಮುದ್ರ ದಡದಲ್ಲಿದ್ದ ಮೈಗೆ ಒಗ್ಗಕ್ಕೆ ಟೈಮೇ ಸಿಕ್ಕಿರಲ್ಲ. ಗೈಡ್ ನನ್ನ ಮುಖಕ್ಕೆ ಲೈಟ್ ಬಿಟ್ಟು ನೋಡಿದ್ರು, ಅವರಿಗೆ ಇಂಗ್ಲಿಷ್ ಅಷ್ಟು ಬರಲ್ಲ, "ತುರುನ್" ಅಂದ್ರು ಅಷ್ಟೇ, ಇಳೀರಿ ಅಂತ. ಇಳಿದೆ. ಇನ್ನೂರು ಮೀಟರ್ ಬಾಕಿ ಇತ್ತು. ಅಂಚಿಗೆ ಇಳಿದು ಬರೋ ಹೊತ್ತಿಗೆ ತಲೆನೋವು ಅರ್ಧ ಹೋಗಿತ್ತು, ಬೆಳಕಾಗ್ತಿತ್ತು, ಒಂದು ಕಲ್ಲಿಗೆ ಒರಗಿ ಕೂತೆ. ಪೂರ್ವಕ್ಕೆ ಸೂರ್ಯ ಹುಟ್ಟಿದ, ಬೆನ್ನ ಹಿಂದೆ ಪಶ್ಚಿಮಕ್ಕೆ ತಿರುಗಿ ನೋಡಿದ್ರೆ ರಿಂಜಾನಿಯ ನೆರಳು ತ್ರಿಕೋನ ಆಗಿ ಮೋಡದ ಮೇಲೆ, ಸಮುದ್ರದ ಮೇಲೆ ಬಿದ್ದು ಆಕಡೆ ಬಾಲಿಯ ಆಗುಂಗ್ ಬೆಟ್ಟದ ಕಡೆ ಚಾಚಿತ್ತು. ಕೆಳಗೆ ಕೆರೆ ಇನ್ನೂ ಕತ್ತಲಲ್ಲಿ. ಬಾರುಜಾರಿ ಪಕ್ಕದಿಂದ ಒಂದು ಎಳೆ ಹೊಗೆ, ಊದುಬತ್ತಿ ಹೊಗೆ ಥರ, ನೆಟ್ಟಗೆ ಮೇಲೆ ಹೋಗ್ತಿತ್ತು. ಎರಡನೇ ಸಲ ಶಿಖರಕ್ಕೆ ಹೋದಾಗ ಅಲ್ಲಿ ಚಳಿಗೆ ಹತ್ತು ನಿಮಿಷ ನಿಲ್ಲಕ್ಕಾಗ್ಲಿಲ್ಲ, ಜನ ಫೋಟೋಗೆ ಸಾಲು ನಿಂತಿದ್ರು. ಹಂಗಾಗಿ ಅಂಚಿನ ತನಕ ಸಾಕು ಅಂತ ನಿಮಗೆ ಹೇಳ್ತಿರೋದು ಸಮಾಧಾನದ ಮಾತಲ್ಲ, ನಂಗೆ ಅನಿಸಿದ್ದೇ ಅದು.

ದಾರಿ ಹೆಂಗಿರುತ್ತೆ ಅಂತ ಸ್ವಲ್ಪ. ಸೆಂಬಾಲುನ್ ಕಡೆಯಿಂದ ಮೊದಲ ಮೂರ್ನಾಲ್ಕು ಗಂಟೆ ಬಯಲು ಹುಲ್ಲುಗಾವಲು, ನೆರಳಿಲ್ಲ, ಬಿಸಿಲು ತಲೆ ಮೇಲೆ, ಟೋಪಿ ಮರೀಬೇಡಿ. ಮೂರನೇ ತಂಗುದಾಣ ದಾಟಿದ ಮೇಲೆ ಏಳು ಗುಡ್ಡ ಬರ್ತವೆ, ಬುಕಿತ್ ಪೆನ್ಯೆಸಾಲನ್ ಅಂತಾರೆ, ಪಶ್ಚಾತ್ತಾಪದ ಗುಡ್ಡ ಅಂತ ಅರ್ಥ, ಒಂದು ಹತ್ತಿ ಇದೇ ಕೊನೇದು ಅಂದ್ಕೊಂಡ್ರೆ ಹಿಂದೆ ಇನ್ನೊಂದು ಕಾಣುತ್ತೆ. ಅಲ್ಲಲ್ಲಿ ಸರ್ವೆ ಮರದ ಜಾತಿಯ ಮರಗಳು, ಗಾಳಿಗೆ ಅದೇ ಸೊಯ್ ಅನ್ನೋ ಸದ್ದು. ಮೇಲೆ ಟೆಂಟ್ ಹತ್ರ ಕೋತಿಗಳಿವೆ, ಚಾಮುಂಡಿ ಬೆಟ್ಟದ ಕೋತಿಗಳಷ್ಟೇ ಚುರುಕು, ಬ್ಯಾಗ್ ಜಿಪ್ ತೆಗೀತವೆ. ಶಿಖರ ಬೇಡ ಅಂದ್ರೆ ಎರಡು ದಿನ ಒಂದು ರಾತ್ರಿ ಸಾಕು, ಹತ್ತಿ ಮಲಗಿ ಬೆಳಗ್ಗೆ ನೋಡಿ ಅದೇ ದಾರೀಲಿ ಇಳಿದು ಬಂದ್ಬಿಡೋದು. ಹುಡುಗರು ಶಿಖರಕ್ಕೆ ಹೋಗಿ ಬರೋ ತನಕ ನೀವು ಅಂಚಲ್ಲೇ ಇರಬಹುದು, ನಿಮ್ಮ ಜೊತೆ ಒಬ್ಬ ಪೋರ್ಟರ್ ಅಥವಾ ಎರಡನೇ ಗೈಡ್ ಉಳೀಬೇಕು ಅಂತ ಬುಕ್ ಮಾಡುವಾಗಲೇ ಮಾತಾಡಿ. ಕೆರೆಗೆ ಇಳಿಯೋ ದಾರಿ ಕಡಿದು, ಕಲ್ಲು ಕಲ್ಲು, ಅಲ್ಲಿ ಬಿಸಿನೀರಿನ ಬುಗ್ಗೆ ಇದೆ, ಚೆನ್ನಾಗಿದೆ, ಆದ್ರೆ ನಿಮ್ಮ ಮಂಡಿಗೆ ಬೇಡ.

ಪೋರ್ಟರ್‌ಗಳ ಬಗ್ಗೆ ಹೇಳಲೇಬೇಕು. ಅಲ್ಲಿನ ಸಾಸಾಕ್ ಜನ, ಹೆಗಲ ಮೇಲೆ ಬಿದಿರಿನ ಅಡ್ಡೆ, ಎರಡು ಕಡೆ ಬುಟ್ಟಿ, ನಮ್ಮ ಹಳ್ಳಿಗಳಲ್ಲಿ ಹಿಂದೆ ಅಡ್ಡೆ ಹೊರ್ತಿದ್ರಲ್ಲ ಥೇಟ್ ಅದೇ. ಟೆಂಟು, ನೀರು, ಅಕ್ಕಿ, ಒಲೆ, ನಮ್ಮ ಚೇರು ಕೂಡ ಅದರಲ್ಲೇ. ಕಾಲಿಗೆ ಹವಾಯಿ ಚಪ್ಪಲಿ. ಏಳು ಗುಡ್ಡದ ಹತ್ರ ಒಬ್ರು ನನ್ನ ಮುಂದೆ ಅಡ್ಡೆ ಇಳಿಸಿ ಹೆಗಲು ಒರೆಸ್ಕೊಂಡ್ರು, ಅಡ್ಡೆ ಕೂತ ಜಾಗದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಕಟ್ಟಿತ್ತು, ಅವರಿಗೆ ಅದರ ಪರಿವೆನೇ ಇರ್ಲಿಲ್ಲ, ನನ್ನ ಶೂ ಲೇಸ್ ಬಿಚ್ಚಿದೆ ಅಂತ ತೋರಿಸಿದ್ರು. ತೀರಾ ಕಮ್ಮಿ ರೇಟ್ ಹೇಳೋ ಪ್ಯಾಕೇಜ್ ಹಿಂದೆ ಬೀಳಬೇಡಿ, ಆ ಉಳಿತಾಯ ಬರೋದು ಇವರ ಕೂಲಿಯಿಂದಲೇ, ಇಲ್ಲಾ ಟೆಂಟು ಲೈಟಿನ ಕ್ವಾಲಿಟಿಯಿಂದ. ಲೈಟ್ ಮಾತ್ರ ಇಲ್ಲಿಂದಲೇ ನಿಮ್ಮದೇ ತಗೊಂಡು ಹೋಗಿ, ಜೊತೆಗೆ ಇನ್ನೊಂದು ಸೆಟ್ ಬ್ಯಾಟರಿ. ಕೊನೇಲಿ ಭಕ್ಷೀಸು ಅವರ ಕೈಗೇ ಕೊಡಿ.

ಊಟದ ಚಿಂತೆ ಬಿಡಿ, ಅಲ್ಲಿ ಮುಖ್ಯ ಊಟವೇ ಅನ್ನ. ಟೆಂಪೆ ಅಂತ ಸೋಯಾಕಾಳು ಹುದುಗಿಸಿ ಮಾಡಿದ ಬಿಲ್ಲೆ, ತೋಫು, ಸೊಪ್ಪು ತರಕಾರಿ ಎಲ್ಲಾ ಇರುತ್ತೆ, ಬೆಟ್ಟದ ಮೇಲೂ ಬಿಸಿಬಿಸಿ ಮಾಡ್ಕೊಡ್ತಾರೆ. ಎರಡು ವಿಷಯಕ್ಕೆ ಜೋಪಾನ. ಫ್ರೈಡ್ ರೈಸ್ ಮೇಲೆ ಮೊಟ್ಟೆ ಒಡೆದು ಹಾಕೋದು ಅವರಿಗೆ ಅಭ್ಯಾಸ, "ತನ್ಪಾ ತೆಲುರ್" ಅಂದ್ರೆ ಮೊಟ್ಟೆ ಬೇಡ ಅಂತ. ಅವರ ಸಂಬಾಲ್ ಅಂದ್ರೆ ನಮ್ಮ ಖಾರದ ಚಟ್ನಿ ಥರದ್ದು, ನೋಡಕ್ಕೆ ಸಸ್ಯಾಹಾರನೇ, ಆದ್ರೆ ಅದರಲ್ಲಿ ಸೀಗಡಿ ಅರೆದ ತೆರಾಸಿ ಹಾಕಿರ್ತಾರೆ, "ತನ್ಪಾ ತೆರಾಸಿ" ಅಂತ ಹೇಳಿ, ಇಲ್ಲಾ ಮುಟ್ಟಲೇಬೇಡಿ, ನಿಮ್ಮದೇ ಚಟ್ನಿಪುಡಿ ಇಟ್ಕೊಂಡಿರಿ. ದಾರಿಗೆ ಹುರಿಗಡಲೆ ಬೆಲ್ಲ ಕೊಬ್ಬರಿ ಕಲಸಿ ಡಬ್ಬಿಗೆ ತುಂಬ್ಕೊಳ್ಳಿ, ಅಂಗಡಿಲಿ ಸಿಗೋ ಯಾವ ಎನರ್ಜಿ ಬಾರೂ ಇದರ ಮುಂದೆ ನಿಲ್ಲಲ್ಲ, ಎತ್ತರಕ್ಕೆ ಹೋದಂಗೆ ಹಸಿವು ಸಾಯುತ್ತೆ, ಆಗ ಅನ್ನ ಇಳಿಯಲ್ಲ, ಬೆಲ್ಲ ಇಳಿಯುತ್ತೆ. ಜೊತೆಗೆ ಒಆರ್‌ಎಸ್ ಪ್ಯಾಕೆಟ್. ಪ್ಲಾಸ್ಟಿಕ್ ಒಂದು ಚೂರೂ ಮೇಲೆ ಬಿಟ್ಟು ಬರಬೇಡಿ, ಸಾಸಾಕ್ ಜನಕ್ಕೂ, ಲಾಂಬೊಕ್‌ನಲ್ಲಿರೋ ಬಾಲಿಯ ಹಿಂದೂಗಳಿಗೂ ಅದು ದೇವರ ಜಾಗ, ಆ ಹಿಂದೂಗಳು ಕೆರೆಗೆ ಪೂಜೆ ಮಾಡಿ ಚಿನ್ನದಲ್ಲಿ ಮಾಡಿದ ಸಣ್ಣ ಸಣ್ಣ ಮೀನು ಅರ್ಪಿಸ್ತಾರೆ.

ಬಟ್ಟೆ ವಿಷಯ ಚಿಕ್ಕದಾಗಿ. ಉಷ್ಣ ದೇಶದ ದ್ವೀಪ ಅಂತ ಬರೀ ಕಾಟನ್ ಡ್ರೆಸ್ ಇಟ್ಕೊಂಡು ಹೋಗೋರು ಬಹಳ ಜನ. ಸಾವಿರ ಮೀಟರ್ ಹತ್ತಿದ್ರೆ ಆರು ಆರೂವರೆ ಡಿಗ್ರಿ ಇಳಿಯುತ್ತೆ, ಕೆಳಗೆ ದಡದಲ್ಲಿ 28 ಇದ್ರೆ ತುದೀಲಿ ಬೆಳಗಿನ ಜಾವ ಗಾಳಿ ಸೇರಿ ಸೊನ್ನೆ ಹತ್ತಿರದ ಚಳಿ. ದಪ್ಪ ಜರ್ಕಿನ್, ಮಂಕಿ ಕ್ಯಾಪ್, ಗ್ಲೌಸ್, ಎರಡು ಊರುಗೋಲು ಬೇಕೇ ಬೇಕು, ಆ ಕೋಲು ಇಳಿವಾಗ ಮಂಡಿ ಮೇಲಿನ ಭಾರ ತಗೊಳ್ಳುತ್ತೆ. ಶೂ ಹೊಸದು ತಗೊಂಡ್ರೆ ಇಲ್ಲೇ ಎರಡು ತಿಂಗಳು ಹಾಕಿ ಹಳೇದು ಮಾಡಿ. ಜನವರಿಯಿಂದ ಮಾರ್ಚ್ ತನಕ ಮಳೆಗಾಲ, ಬೆಟ್ಟ ಮುಚ್ಚಿರುತ್ತೆ, ಏಪ್ರಿಲ್‌ನಲ್ಲಿ ತೆಗೀತಾರೆ. ಜೂನಿಂದ ಸೆಪ್ಟೆಂಬರ್ ಒಳ್ಳೇ ಕಾಲ, ನಮಗೆ ಇಲ್ಲಿ ಮಳೆ ಅಂದ್ರೆ ಅಲ್ಲಿ ಒಣ ಹವೆ, ಆದ್ರೆ ನೀವು ಸ್ಕೂಲಲ್ಲಿರೋರು, ಬೇಸಿಗೆ ರಜೆ ಮುಗಿಯೋ ಮುಂಚೆ ಅಂದ್ರೆ ಮೇ ಮೂರನೇ ವಾರ ನೋಡಿ, ಇಲ್ಲಾಂದ್ರೆ ದಸರಾ ರಜೆ. ಬಾಲಿಯಿಂದ ಲಾಂಬೊಕ್‌ಗೆ ಪಾದಾಂಗ್‌ಬಾಯಿಂದ ಲೆಂಬಾರ್ ತನಕ ದೊಡ್ಡ ದೋಣಿ ಇದೆ, ನಾಲ್ಕೈದು ಗಂಟೆ, ಸ್ಪೀಡ್ ಬೋಟೂ ವಿಮಾನನೂ ಇದೆ. ಸೆಂಬಾಲುನ್‌ನಲ್ಲಿ ಹಿಂದಿನ ರಾತ್ರಿನೇ ಹೋಗಿ ಮಲಗಿ, ಸಾಧ್ಯ ಆದ್ರೆ ಎರಡು ರಾತ್ರಿ, ಮೈ ಎತ್ತರಕ್ಕೆ ಒಂಚೂರು ಒಗ್ಗುತ್ತೆ. ರಿಜಿಸ್ಟ್ರೇಷನ್ ನ್ಯಾಷನಲ್ ಪಾರ್ಕಿನ ಇ-ರಿಂಜಾನಿ ಆಪ್‌ನಲ್ಲೇ ಆಗಬೇಕು, ಏಜೆನ್ಸಿಯೋರು ಮಾಡಿಸ್ತಾರೆ, ಆದ್ರೆ ನಿಮ್ಮ ಹೆಸರಿನ ಟಿಕೆಟ್ ಕಣ್ಣಾರೆ ನೋಡ್ಕೊಳ್ಳಿ.

ಇನ್ನು ತಯಾರಿ. ಮೊದಲು ಮೂಳೆ ಡಾಕ್ಟರ್‌ಗೆ ಆ ಎಡಗಡೆ ಮಂಡಿ ತೋರಿಸಿ, ಜೊತೆಗೆ ಬಿಪಿ, ಶುಗರ್, ಇಸಿಜಿ, ನಿಮ್ಮ ವಯಸ್ಸಿಗೆ ಟ್ರೆಡ್‌ಮಿಲ್ ಟೆಸ್ಟೂ ಮಾಡಿಸಿಬಿಡಿ, ಎತ್ತರಕ್ಕೆ ಮಾತ್ರೆ ಬೇಕಾ ಅಂತ ಅವರನ್ನೇ ಕೇಳಿ, ಫ್ರೆಂಡ್ಸ್ ಹೇಳಿದ್ರು ಅಂತ ತಗೋಬೇಡಿ. ಡಾಕ್ಟರ್ ಸರಿ ಅಂದ್ರೆ ವಾರದ ದಿನ ಬೆಳಗ್ಗೆ ನಾಲೆ ಏರಿ ಮೇಲೆ ಒಂದು ಗಂಟೆ ಚುರುಕಾಗಿ ನಡೀರಿ, ಮನೇಲಿ ಒಂದು ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲನ್ನ ನಿಧಾನಕ್ಕೆ, ತುಂಬಾ ನಿಧಾನಕ್ಕೆ ಕೆಳಗೆ ತಾಗಿಸಿ ಮತ್ತೆ ಮೇಲೆ, ಎರಡೂ ಕಾಲಿಗೆ ಹದಿನೈದು ಹದಿನೈದು ಸಲ, ತೊಡೆ ಮುಂಭಾಗ ಗಟ್ಟಿಯಾದ್ರೆ ಮಂಡಿಗೆ ಬೀಳೋ ಏಟು ಕಮ್ಮಿ ಆಗುತ್ತೆ. ಭಾನುವಾರ ಒಂದು ವಾರ ಪಾಂಡವಪುರದ ಕುಂತಿ ಬೆಟ್ಟ, ಇನ್ನೊಂದು ವಾರ ಚಾಮುಂಡಿ, ತಿಂಗಳಿಗೊಂದ್ಸಲ ತಲಕಾಡಿನ ಮರಳು. ಬೆನ್ನಿಗೆ ನಾಲ್ಕೈದು ಕೆಜಿ ಬ್ಯಾಗ್ ಹಾಕ್ಕೊಂಡೇ ಹತ್ತಿ. ಚಾಮುಂಡಿ ಹತ್ತಿದ ಮೇಲೆ ಬಸ್ಸಿಗೆ ಕೂರಬೇಡಿ, ನಡ್ಕೊಂಡೇ ಇಳೀರಿ, ನಂದಿ ಹತ್ರ ಕೂತು ನೀರು ಕುಡಿದು ಮಂಡಿ ಹೆಂಗಿದೆ ನೋಡ್ಕೊಳ್ಳಿ.

ಆರು ವಾರ ಹಿಂಗೆ ಮಾಡಿದ ಮೇಲೆ ಒಂದು ಭಾನುವಾರ ಬೆಳಗ್ಗೆ ಐದೂವರೆಗೆ ಪಾದದ ಹತ್ರ ಬಂದು ಮೂರು ಸಲ ಹತ್ತಿ ಮೂರು ಸಲ ಇಳೀರಿ, ಅವಸರ ಬೇಡ, ಮಧ್ಯೆ ತಿಂದ್ಕೊಂಡು ಕೂತ್ಕೊಂಡು, ಮಧ್ಯಾಹ್ನ ಆದ್ರೂ ಪರವಾಗಿಲ್ಲ. ಅಣ್ಣನ ಮಗನ್ನೂ ಕರ್ಕೊಂಡು ಬನ್ನಿ, ಅವನು ನಿಮ್ಮ ವೇಗಕ್ಕೆ ನಡೀತಾನಾ ಅಂತಲೂ ಗೊತ್ತಾಗುತ್ತೆ. ಸೋಮವಾರ ಬೆಳಗ್ಗೆ ಸ್ಕೂಲ್ ಮೆಟ್ಟಿಲು ಇಳಿವಾಗ ಎಡಗಡೆ ಮಂಡಿ ಹೆಂಗಿತ್ತು, ಊತ ಇತ್ತಾ ಬರೀ ನೋವಿತ್ತಾ ಅಂತ ನಂಗೆ ಬರೆದು ತಿಳಿಸಿ, ಅದನ್ನ ನೋಡ್ಕೊಂಡು ಉಳಿದ ಆರು ವಾರಕ್ಕೆ ಏನ್ ಮಾಡಬೇಕು ಅಂತ ಹೇಳ್ತೀನಿ, ವಿಮಾನದ ಟಿಕೆಟ್ ಅಲ್ಲಿ ತನಕ ಬುಕ್ ಮಾಡಬೇಡಿ.